ಬಾವುಟವಿಲ್ಲದ ಮಾತು

ಆ ಬೆಳಗ್ಗೆ ಬ್ಯಾಂಕಾಕಿನ ಮೇಲೆ ಹೊಗೆ ಕವಿದಿತ್ತು. ಮಂಜಲ್ಲ, ಹೊಗೆ. ಮಾಘ ಹುಣ್ಣಿಮೆಗೆ ಇನ್ನು ಮೂರು ದಿನ. ಈಶಾನ್ಯದ ಇಸಾನ್ ಸೀಮೆಯಲ್ಲಿ ಭತ್ತ ಕೊಯ್ದು, ಕಬ್ಬು ಕಡಿದು, ಉಳಿದ ಕೂಳೆಗೆ ಬೆಂಕಿ ಇಡುವ ಕಾಲ. ಅಲ್ಲಿ ಇಟ್ಟ ಬೆಂಕಿಯ ಹೊಗೆ ಐನೂರು ಕಿಲೋಮೀಟರ್ ನಡೆದು ಬಂದು ರಾಜಧಾನಿಯ ಕಿಟಕಿ ಬಡಿಯುತ್ತದೆ. ಗಲ್ಲಿಯ ತುದಿಯಲ್ಲಿ ಭಿಕ್ಷುಗಳ ಪಾತ್ರೆಗೆ ಅನ್ನ ಹಾಕಿ, ಕೈಮುಗಿದು ಎದ್ದಾಗ ನನ್ನ ಮೂಗಿಗೆ ಬಂದದ್ದು ಅಪ್ಪನ ಗದ್ದೆಯ ವಾಸನೆ. ಒಂದು ಗಳಿಗೆ ಅಲ್ಲೇ ನಿಂತೆ. ಆಮೇಲೆ ತುಟಿಗೆ ಬಣ್ಣ ಹಚ್ಚಿಕೊಂಡು, ತುರುಬು ಬಿಗಿದು, ಕೆಲಸಕ್ಕೆ ಹೊರಟೆ.

ವಿಮಾನದ ಕಡೆ ಹೋಗುವ ನಮ್ಮ ಸಿಬ್ಬಂದಿಯ ಬಸ್ಸಿನಲ್ಲಿ ನಿಚಾ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದಳು.

"ಥೂ, ಈ ಹಳ್ಳಿಯವರು ಗದ್ದೆ ಸುಟ್ಕೊಂಡು ನಮ್ಮ ಎದೆ ಸುಡ್ತಾರೆ. ವಿಲೈ ಅಕ್ಕ, ನಿಮಗೆ ಕೆಮ್ಮು ಬರಲ್ವಾ?"

"ಅಭ್ಯಾಸ ಆಗಿದೆ" ಅಂದೆ. ಅದು ನಿಜವೇ. ಎಲ್ಲಿ ಅಭ್ಯಾಸವಾಯಿತು ಎಂದು ಹೇಳಲಿಲ್ಲ, ಅಷ್ಟೆ.

ಹಿಂದಿನ ಸೀಟಿನಿಂದ ಪಿಕುನ್ ಅಂದಳು, "ಸುಡದೆ ಏನ್ಮಾಡ್ಬೇಕು ನಿಚಾ ಅಕ್ಕ? ಕೂಳೆ ಕೀಳಿಸೋ ಕೂಲಿಗೆ ಸಾಕಾಗೋಷ್ಟು ಬೆಲೆ ಅಕ್ಕಿಗೆಲ್ಲಿದೆ?"

"ಶುರುವಾಯ್ತು ನೋಡಿ ನಮ್ಮ ಅಂಟಕ್ಕಿ ರಾಣಿದು."

"ರಾಣಿ ಸಂಬಳದ ಚೀಟಿ ತೋರಿಸ್ಲಾ? ನೀವೇ ಅತ್ತುಬಿಡ್ತೀರಿ."

ಬಸ್ಸೆಲ್ಲ ನಕ್ಕಿತು. ಪಿಕುನ್ ಕೂಡ ನಕ್ಕಳು. ಪಿಕುನ್ ಅಂದರೆ ರಂಜದ ಹೂವು. ಒಣಗಿದರೂ ವಾಸನೆ ಬಿಡದ ಹೂವು. ಇಸಾನಿನ ರೋಯ್ ಎಟ್ ಜಿಲ್ಲೆಯ ಹುಡುಗಿ, ಇಪ್ಪತ್ತೆಂಟು ವರ್ಷ. ಅಲ್ಲಿಯವರ ದಿನದ ಊಟವಾದ ಅಂಟಕ್ಕಿ ತಿನ್ನುವವಳು ಎಂದು ಯಾರು ಆಡಿಕೊಂಡರೂ ತನ್ನ ಊರನ್ನು ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ.

ನಮ್ಮನ್ನು ಪತ್ರಿಕೆಯವರು ಗಗನಸಖಿಯರು ಅನ್ನುತ್ತಾರೆ. ಸಖ್ಯಕ್ಕೆ ದರವಿದೆ. ಮೂಲ ಸಂಬಳ ಸಣ್ಣದು. ಚಕ್ರ ಉರುಳಿದ ಮೇಲೆ ಗಂಟೆಗಿಷ್ಟು ಎಂದು ಹಾರಾಟದ ಭತ್ಯೆ. ಅದಕ್ಕೂ ಮುಂಚೆ ಬಾಗಿಲಲ್ಲಿ ನಿಂತು ಮುಗುಳ್ನಕ್ಕ ಹೊತ್ತು ಲೆಕ್ಕಕ್ಕಿಲ್ಲ. ಮೂರನೆಯದು ಬಾವುಟದ ಭತ್ಯೆ. ಹೆಸರಿನ ತಗಡಿನ ಕೆಳಗೆ ಉಗುರಿನಷ್ಟು ಬಾವುಟ: ಜಪಾನಿನ ಮಾತು ಬಂದರೆ ಜಪಾನಿನದು, ಕೊರಿಯದ ಮಾತು ಬಂದರೆ ಕೊರಿಯದ್ದು. ಪರೀಕ್ಷೆ ಗೆಲ್ಲಬೇಕು. ಗೆದ್ದರೆ ಒಂದೊಂದು ಬಾವುಟಕ್ಕೂ ಕಡತದಲ್ಲಿ ಒಂದು ಸಂಖ್ಯೆ, ತಿಂಗಳಿಗೆ ಮೂರು ಸಾವಿರ ಬಾಟ್. ನಿಚಾಳ ಎದೆಯ ಮೇಲೆ ಕೊರಿಯದ ಬಾವುಟವಿತ್ತು, ಸಂಖ್ಯೆ ನಾಲ್ಕು. ಪಿಕುನಳ ಎದೆಯ ಮೇಲೆ ಹೆಸರು ಮಾತ್ರ. ಚೀನೀ ಪರೀಕ್ಷೆಗೆ ಎರಡು ಸಲ ಕೈಯಿಂದ ಹಣ ಕಟ್ಟಿ ಕೂತಿದ್ದಳು. ಎರಡನೇ ಸಲ ಆರು ಅಂಕಕ್ಕೆ ತಪ್ಪಿತ್ತು. ಅವಳ ಮೂರನೇ ಗುತ್ತಿಗೆ ಮಾರ್ಚಿಗೆ ಮುಗಿಯುತ್ತಿತ್ತು. ನಾಲ್ಕನೇ ಗುತ್ತಿಗೆ ಎಂಬುದಿಲ್ಲ. ಕಾಯಂ ಆಗಬೇಕಾದರೆ ಒಂದು ಬಾವುಟ ಬೇಕು, ಇಲ್ಲವೇ ಒಂದು ಪ್ರಶಂಸಾಪತ್ರ ಬೇಕು. ಎರಡೂ ಇಲ್ಲದವಳು ಸಮವಸ್ತ್ರ ಮಡಚಿಟ್ಟು ಮನೆಗೆ ಹೋಗಬೇಕು.

ನನ್ನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಆ ವಿಮಾನದ ಪರ್ಸರ್, ಅಂದರೆ ಗಗನಸಖಿಯರಿಗೆಲ್ಲ ಹಿರಿಯಳು; ವರದಿ ಬರೆಯುವವಳು, ಸಹಿ ಹಾಕುವವಳು. ನನ್ನೂರು ಕಾಲಾಸಿನ್ ಜಿಲ್ಲೆಯಲ್ಲಿ, ಪಿಕುನಳ ಊರಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಇಪ್ಪತ್ತಾರು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ತರಬೇತಿಯ ಮೊದಲ ದಿನ ನನ್ನ ಬಾಯಿಂದ ಊರಿನ ಮಾತೊಂದು ಜಾರಿದಾಗ ಶಿಕ್ಷಕಿ ಹೇಳಿದ್ದಳು, "ಆ ನಾಲಿಗೆ ಮನೇಲಿಟ್ಟು ಬಾ." ನಾನು ವಿಧೇಯಳು, ಇಟ್ಟು ಬಂದೆ. ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬ ಹೆಂಗಸು ಹೊಳೆ ದಾಟಲು ಈಚೆ ದಡದ ಮುದುಕಿಯಿಂದ ಒಂದು ಕೋಲು ಎರವಲು ಪಡೆದಳಂತೆ. ದಾಟಿದ ಮೇಲೆ ಕೋಲೇಕೆ ಎಂದು ಆಚೆ ದಡದಲ್ಲಿ ಎಸೆದಳಂತೆ. ಮುಂದಿನ ಜನ್ಮದಲ್ಲಿ ಅವಳೇ ಕೋಲಾಗಿ ಆ ಹೊಳೆಯ ದಡದಲ್ಲಿ ಬಿದ್ದಿದ್ದಳು. ಬಂದವರೆಲ್ಲ ಎತ್ತಿಕೊಂಡರು, ದಾಟಿದರು, ಎಸೆದರು. ಚಿಕ್ಕವಳಿದ್ದಾಗ ಕತೆ ಕೇಳಿ ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುವುದು ಸುಲಭ.

ವಿಮಾನ ಕೊರಿಯದ ಸೋಲ್‌ಗೆ. ಹಿಂದಿನ ಹನ್ನೆರಡು ಸಾಲು ಪೂರ್ತಿ ಇಸಾನಿನ ರೈತರು. ಐದು ತಿಂಗಳು ಕೊರಿಯದ ಹೊಲಗಳಲ್ಲಿ ಎಲೆಕೋಸು ನೆಡಲು ಹೊರಟವರು. ಎಲ್ಲರಿಗೂ ಏಜೆಂಟ್ ಕೊಟ್ಟ ಒಂದೇ ಬಣ್ಣದ ಹಳದಿ ಟೋಪಿ, ಕೊರಳಲ್ಲಿ ಕಾಗದಪತ್ರದ ಚೀಲ. ನಲವತ್ತೊಂದನೇ ಸಾಲಿನ ಅಂಚಿನ ಸೀಟಿನಲ್ಲಿ ಖಾಮ್‌ಲಾ ಎಂಬಾತ ಕೂತಿದ್ದ. ನಲವತ್ತೊಂಬತ್ತು ವರ್ಷ ಎಂದು ಕಾಗದದಲ್ಲಿತ್ತು, ಮುಖದಲ್ಲಿ ಅರವತ್ತಿತ್ತು.

ಊಟದ ಗಾಡಿ ಬಂದಾಗ ಅವನು ಎರಡೂ ಕೈ ಜೋಡಿಸಿ, ಕಲಿತ ಬ್ಯಾಂಕಾಕ್ ಮಾತಿನಲ್ಲಿ, "ಹೊಟ್ಟೆ ತುಂಬಿದೆ ಮೇಡಂ" ಅಂದ. ಗಾಡಿ ಮುಂದೆ ಸರಿಯಿತು. ನಾನು ಗಾಡಿಯ ಹಿಂದೆ ಬರುತ್ತಿದ್ದೆ. ಅವನು ಪಕ್ಕದವನಿಗೆ ನಮ್ಮ ಸೀಮೆಯ ಮಾತಿನಲ್ಲಿ ಮೆಲ್ಲಗೆ ಹೇಳಿದ:

"ಬ್ಯಾಡೋ ತಮ್ಮಾ. ಇದಕ್ಕ ಎಷ್ಟ ರೊಕ್ಕ ಕೇಳ್ತಾರೋ ಏನೋ. ಮುಂಜಾನೆ ಗುಳಿಗಿ ನುಂಗೇನಿ, ಹೊಟ್ಟಿ ಖಾಲಿ ಐತಿ ಖರೆ. ಇಳಿದ ಮ್ಯಾಲ ತಿಂದ್ರಾತು."

ನಾನು ತಿರುಗಿ ನೋಡಿದೆ. ತಟ್ಟೆಗೆ ಬೇರೆ ದುಡ್ಡಿಲ್ಲ, ಟಿಕೆಟ್ಟಿನಲ್ಲೇ ಸೇರಿದೆ ಎಂದು ಹೇಳಲು ನಾಲ್ಕು ಮಾತು ಸಾಕಿತ್ತು. ಆದರೆ ಗಾಡಿಯ ಮುಂದೆ ನಿಚಾ ಇದ್ದಳು. ಅವನ ಗೊಣಗಾಟ ನಿಮಗೆ ಹೇಗೆ ತಿಳೀತು ಅಕ್ಕ ಎಂದು ಕೇಳುವವಳು. ಮುಂದಕ್ಕೆ ನಡೆದೆ.

ಒಂದು ಗಂಟೆಯ ಮೇಲೆ ಆ ಸಾಲಿನ ಕರೆಗಂಟೆ ಹೊಡೆದುಕೊಂಡಿತು. ಖಾಮ್‌ಲಾ ಬೆವರಿನಲ್ಲಿ ತೊಯ್ದುಹೋಗಿದ್ದ. ಕೈ ನಡುಗುತ್ತಿತ್ತು, ಕಣ್ಣು ಎಲ್ಲೋ ತೇಲುತ್ತಿತ್ತು. ವೈದ್ಯರಿದ್ದಾರೆಯೇ ಎಂದು ಕೂಗಿಸಿದೆ. ಗಾಲ್ಫ್ ಆಡಿ ಊರಿಗೆ ಮರಳುತ್ತಿದ್ದ ಕೊರಿಯದ ವೈದ್ಯರೊಬ್ಬರು ಎದ್ದು ಬಂದರು. ನಿಚಾ ಅವರ ಪಕ್ಕ ನಿಂತು ಕೊರಿಯದ ಮಾತನ್ನು ಬ್ಯಾಂಕಾಕಿನ ಮಾತಿಗೆ, ಅದನ್ನು ಇದಕ್ಕೆ, ತಪ್ಪಿಲ್ಲದೆ ತಿರುಗಿಸಿದಳು. ಅವಳ ವಿದ್ಯೆಯಲ್ಲಿ ಕೊರತೆಯಿರಲಿಲ್ಲ, ಅದನ್ನು ಹೇಳಲೇಬೇಕು.

"ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ ಮೇಡಂ."

"ಏನಾದ್ರೂ ಮಾತ್ರೆ ತಗೊಂಡಿದೀರಾ?"

"ಇಲ್ಲ ಮೇಡಂ."

"ಎದೆ ನೋವು?"

"ಚೆನ್ನಾಗಿದೀನಿ ಮೇಡಂ. ಏನೂ ಇಲ್ಲ ಮೇಡಂ."

ಸಮವಸ್ತ್ರ ತೊಟ್ಟು ನಿಂತವರು ಏನು ಕೇಳಿದರೂ ನಮ್ಮ ಕಡೆಯವರು ಹೀಗೆಯೇ ಹೇಳುವುದು. ಪೊಲೀಸಿನವನಿಗೂ ಅದೇ, ಆಸ್ಪತ್ರೆಯಲ್ಲೂ ಅದೇ. ವೈದ್ಯರು ನಾಡಿ ಹಿಡಿದು, ಮೊದಲ ಸಲ ವಿಮಾನ ಹತ್ತಿದ ಭಯವಿರಬಹುದು, ಮಲಗಿಸಿ ನೋಡೋಣ ಅಂದರು. ಬೆಳಗಿನ ಗುಳಿಗೆಯ ಸಂಗತಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಲ್ಲೇ ಇತ್ತು.

ಅಷ್ಟರಲ್ಲಿ ಹಿಂದಿನ ಅಡುಗೆಕಟ್ಟೆಯಿಂದ ಪಿಕುನ್ ಬಂದಳು. "ಸ್ವಲ್ಪ ದಾರಿ ಬಿಡಿ ಅಕ್ಕ" ಎಂದು ನನ್ನನ್ನು ದಾಟಿ, ಓಣಿಯ ನೆಲದ ಮೇಲೆ ಮೊಣಕಾಲೂರಿ, ಅವನಿಗಿಂತ ತಗ್ಗಾಗಿ ಕೂತಳು. ಕೂರುವ ರಭಸಕ್ಕೆ ಅವಳ ತೆಳು ಕಾಲುಚೀಲ ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಮಂಡಿಯಿಂದ ಹಿಮ್ಮಡಿವರೆಗೆ ಹರಿಯಿತು. ಅವನ ಎರಡೂ ಕೈ ಹಿಡಿದುಕೊಂಡಳು.

"ಕಾಕಾ, ಯಾವೂರ ಆತು ನಿಮ್ದು?"

ತೇಲುತ್ತಿದ್ದ ಕಣ್ಣು ಅವಳ ಕಡೆ ತಿರುಗಿತು. "ಕಾಲಾಸಿನ್ ಕಡೆ... ನೀ ಯಾರ ಮಗಳವ್ವಾ?"

"ನಾ ರೋಯ್ ಎಟ್‌ದಾಕಿ. ನಮ್ಮವ್ವನ ತವರಮನಿ ನಿಮ್ಮ ಕಡೇನ. ಊಟ ಯಾಕ ಬ್ಯಾಡ ಅಂದ್ರಿ?"

"ರೊಕ್ಕ ಇಲ್ಲವ್ವಾ."

"ಇಲ್ಲಿ ರೊಕ್ಕ ಕೇಳವ್ರ ಯಾರದಾರ? ಅದನ್ನ ಏಜೆಂಟ ಮೊದ್ಲ ಹಿಡಕೊಂಡಾನ ನಿಮ್ಮ ಕಡಿಂದ. ಗುಳಿಗಿ ಏನರ ನುಂಗೀರೇನು? ನನ್ನ ಕಿವ್ಯಾಗ ಹೇಳ್ರಿ."

"ಜಡ್ಡ ಐತಿ ಅಂದ್ರ ವಾಪಸ್ ಕಳಸ್ತಾರಂತ. ಏಜೆಂಟ ಬಾಯಿ ಬಿಡಬ್ಯಾಡ ಅಂದಾನ."

"ಏಜೆಂಟ ಇಲ್ಲಿ ಮೋಡದಾಗ ಬಂದು ಕುಂತಾನೇನು? ತೋರಸ್ರಿ ಕಾಕಾ."

ಅವನ ಮುಖದ ಮೂಲೆಯಲ್ಲಿ ನಗುವಿನಂಥದ್ದೊಂದು ಮೂಡಿತು. ನಡುಗುವ ಕೈಯನ್ನು ಒಳಅಂಗಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಮಾತ್ರೆಯ ಪಟ್ಟಿ ತೆಗೆದ. ವೈದ್ಯರು ಅದನ್ನು ಕಂಡದ್ದೇ ಹಣ್ಣಿನ ರಸ, ಸಕ್ಕರೆ ಎಂದು ಕೈಯಾಡಿಸಿದರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಉಪವಾಸ ಕೂತಿದ್ದ ದೇಹ. ಇನ್ನರ್ಧ ಗಂಟೆ ಹೋಗಿದ್ದರೆ ಏನು ಬೇಕಾದರೂ ಆಗಬಹುದಿತ್ತು ಎಂದು ಆಮೇಲೆ ಹೇಳಿದರು. ರಸ ಕುಡಿದ ಇಪ್ಪತ್ತು ನಿಮಿಷಕ್ಕೆ ಬೆವರು ಆರಿತು. ಪಿಕುನ್ ನೆಲದಿಂದ ಏಳಲಿಲ್ಲ. ತಟ್ಟೆ ತರಿಸಿ, ನಮ್ಮಲ್ಲಿ ಅಂಟಕ್ಕಿ ಅನ್ನ ತಿನ್ನಿಸುವ ಹಾಗೆ, ಕೈಯಲ್ಲೇ ತುತ್ತು ಮಾಡಿ ತಿನ್ನಿಸಿದಳು. ವೈದ್ಯರು ನಿಚಾಳ ಭುಜ ತಟ್ಟಿ ಕೊರಿಯದ ಮಾತಿನಲ್ಲಿ ಹೊಗಳಿದರು. ಪಿಕುನಳಿಗೂ ಏನೋ ಅಂದರು. ಅವಳಿಗೆ ಅದು ತಿಳಿಯಲಿಲ್ಲ, ಕೈಮುಗಿದಳು. ಎರಡು ಸಾಲು ಮುಂದೆ ಕೂತಿದ್ದ ಬ್ಯಾಂಕಾಕಿನ ಹೆಂಗಸೊಬ್ಬಳು ಕುತ್ತಿಗೆ ಹೊರಳಿಸಿ ಇದನ್ನೆಲ್ಲ ನೋಡುತ್ತಿದ್ದಳು.

ಕಾಲುಚೀಲ ಹರಿದು ಓಡಾಡಿದರೆ ನಮ್ಮಲ್ಲಿ ದಂಡ. ನನ್ನ ಕೈಚೀಲದಿಂದ ಹೊಸ ಜೊತೆಯೊಂದನ್ನು ತೆಗೆದು ಪಿಕುನಳಿಗೆ ಕೊಟ್ಟೆ.

"ವಾಪಸ್ ಕೊಡ್ತೀನಿ ಅಕ್ಕ."

"ಅದೇನು ಮಹಾ, ಬಿಡು."

ಆ ದಿನ ನಾನು ಅವಳಿಗೆ ಮಾಡಿದ ಉಪಕಾರ ಅದೊಂದೇ.

ಇಳಿಯುವ ಮುಂಚೆ ವರದಿ ತುಂಬಲು ಕೂತೆ. ಅದು ಕೈಯಲ್ಲಿ ಹಿಡಿಯುವ ಗಾಜಿನ ಹಲಗೆಯ ಮೇಲಿನ ನಮೂನೆ. ಒಂದು ಮನೆ ತುಂಬದೆ ಇನ್ನೊಂದು ಮನೆ ತೆರೆಯುವುದಿಲ್ಲ. 'ಭಾಷಾ ನೆರವು ನೀಡಿದವರು' ಎಂಬ ಮನೆಗೆ ಬಂದೆ. ಪಿಕುನ್ ಎಂದು ಒತ್ತಿದೆ. ಬಾವುಟದ ಸಂಖ್ಯೆ ಕೇಳಿತು. ಸೊನ್ನೆ ಹಾಕಿದೆ, ಒಪ್ಪಲಿಲ್ಲ. ಖಾಲಿ ಬಿಟ್ಟೆ, ಒಪ್ಪಲಿಲ್ಲ. ಎರಡು ಕೋಟಿ ಜನ ಆಡುವ ಮಾತು, ಅದಕ್ಕೊಂದು ಅಂಕಿಯಿಲ್ಲ. ಬಾಗಿಲು ತೆರೆಯುವ ಮೊದಲು ವರದಿ ಹೋಗಬೇಕು. ನಿಚಾ ಎಂದು ಒತ್ತಿದೆ. ನಾಲ್ಕು ಎಂದು ಒತ್ತಿದೆ. ಗಕ್ಕನೆ ತೆರೆದುಕೊಂಡಿತು. ಕೊನೆಯ ಮನೆಯಲ್ಲಿ 'ಇತರ ಸಿಬ್ಬಂದಿ ಸಹಕರಿಸಿದರು' ಎಂದು ಬರೆದೆ. ಆ 'ಇತರ' ಎಂಬ ಮೂರು ಅಕ್ಷರದೊಳಗೆ ಪಿಕುನಳನ್ನು ಮಡಚಿಟ್ಟೆ. ಬ್ಯಾಂಕಾಕಿಗೆ ಮರಳಿದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ.

ವಾರದೊಳಗೆ ನಿಚಾಳಿಗೆ ಪ್ರಶಂಸಾಪತ್ರ ಬಂತು. ಬಾವುಟದ ದರ್ಜೆ ಏರಿತು, ಭತ್ಯೆ ಒಂದೂವರೆ ಪಟ್ಟಾಯಿತು. ನನ್ನನ್ನು ಮೂಲೆಗೆ ಕರೆದು ಕೇಳಿದಳು, "ಅಕ್ಕ, ಇದು ನನ್ನ ಹೆಸರಿಗೆ ಯಾಕೆ ಬಂತು?"

"ನಮೂನೆ ಹಾಗಿದೆ."

"ನಾನು ಬೇಡ ಅಂದ್ರೆ?"

"ಬೇಡ ಅಂದ್ರೆ ಯಾರಿಗೂ ಇಲ್ಲ."

ಮರುದಿನ ಎಲ್ಲರಿಗೂ ಕಾಫಿ ಕೊಡಿಸಿದಳು. ಪಿಕುನಳಿಗೆ ದೊಡ್ಡ ಲೋಟ.

ಪಿಕುನ್ ನನ್ನ ಹತ್ತಿರ ಬಂದದ್ದು ಮಾಘ ಹುಣ್ಣಿಮೆ ಕಳೆದು ಹತ್ತು ದಿನಕ್ಕೆ. ಸಿಬ್ಬಂದಿಯ ಕೋಣೆಯ ಉದ್ದ ಕನ್ನಡಿಯ ಮುಂದೆ ನಾನು ತುರುಬು ಸರಿಮಾಡಿಕೊಳ್ಳುತ್ತಿದ್ದೆ. ಕನ್ನಡಿಯೊಳಗೇ ಮಾತಾಡಿಸಿದಳು.

"ಅಕ್ಕ, ವರದಿ ನೋಡ್ದೆ."

"ಆ ಮನೆ ಸಂಖ್ಯೆ ಇಲ್ದೆ ಮುಂದೆ ಹೋಗಲ್ಲ ಪಿಕುನ್."

"ಗೊತ್ತು. ತಿದ್ದುಪಡಿ ಪತ್ರ ಅಂತ ಒಂದಿದೆಯಂತೆ. ಆ ಕಾಕಾನ ಜೊತೆ ಮಾತಾಡಿದ್ದು ಯಾರು ಅಂತ ನೀವು ಒಂದು ಸಾಲು ಬರೆದ್ರೆ ಸಾಕು. ಮಾರ್ಚ್ ಹದಿನೈದಕ್ಕೆ ನನ್ನ ಕಡತ ಮೇಜಿಗೆ ಬರತ್ತೆ."

"ಯಾವ ಭಾಷೇಲಿ ಅಂತ ಕೇಳ್ತಾರೆ."

"ನಮ್ಮ ಭಾಷೇಲಿ ಅಂತ ಬರೀರಿ."

ನಮ್ಮ ಅಂದಳು. ನನ್ನ ಕೈಯಲ್ಲಿದ್ದ ಹೇರ್‌ಪಿನ್ನು ನಿಂತಿತು.

"ಅವತ್ತು ತಟ್ಟೆ ಬೇಡ ಅಂದಾಗ ಕಾಕಾ ಏನೋ ಗೊಣಗಿದ್ನಲ್ಲ, ನಾನು ತುದೀಲಿದ್ದೆ, ನನಗೆ ಕೇಳಿಸ್ಲಿಲ್ಲ. ಏನಂದ ಅಂತ ಆಮೇಲೆ ಅವನೇ ಹೇಳಿದ. ಆದ್ರೆ ನೀವು ತಿರುಗಿ ನೋಡಿದ್ದು ನನಗೆ ಕಂಡಿತ್ತು. ಬರೀ ಸದ್ದು ಕೇಳಿದೋರು ಹಾಗೆ ತಿರುಗಲ್ಲ ಅಕ್ಕ." ದನಿಯಲ್ಲಿ ದೂರಿರಲಿಲ್ಲ. "ನಾನು ಯಾರಿಗೂ ಹೇಳಲ್ಲ. ಒಂದು ಸಾಲು, ಅಷ್ಟೇ."

"ನೋಡೋಣ" ಅಂದೆ.

ನೋಡಿದೆ ಕೂಡ. ಪತ್ರದ ನಮೂನೆ ತರಿಸಿ, ಪಿಕುನಳ ಹೆಸರು ಬರೆದೆ, ನಡೆದದ್ದನ್ನು ಬರೆದೆ. ಕೊನೆಯಲ್ಲಿ ಎರಡು ಪ್ರಶ್ನೆಗಳಿದ್ದವು: ಪ್ರಯಾಣಿಕ ಆಡಿದ ಮಾತು ಸಿಬ್ಬಂದಿಯ ಮುಖ್ಯಸ್ಥರಿಗೆ ನೇರವಾಗಿ ಅರ್ಥವಾಗಿತ್ತೇ? ಆಗಿದ್ದರೆ ಅವರು ಕೈಗೊಂಡ ಕ್ರಮವೇನು? ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ಕಡತ ಶುಭ್ರವಾಗಿದ್ದರೆ ಕೈಗೆ ಬರುವ ಗಂಟು ಒಂದು, ಕಲೆಯಿದ್ದರೆ ಇನ್ನೊಂದು. ಮೊದಲ ಪ್ರಶ್ನೆಗೆ ಇಲ್ಲ ಎಂದು ಬರೆಯಬಹುದಿತ್ತು. ಆದರೆ ಹುಣ್ಣಿಮೆಯ ದಿನ ದೇವಾಲಯದಲ್ಲಿ ಭಿಕ್ಷುಗಳ ಮುಂದೆ ಪಂಚಶೀಲ ಪಡೆದು ಬಂದಿದ್ದೆ. ಸುಳ್ಳಾಡೆನು ಎಂಬ ನಾಲ್ಕನೆಯದನ್ನು ಪಾಲಿಯಲ್ಲಿ ಒಂದಕ್ಷರ ತಪ್ಪದೆ ಹೇಳಿದ್ದೆ. ಸುಳ್ಳು ಬರೆಯಲು ಕೈ ಬರಲಿಲ್ಲ. ನಿಜ ಬರೆಯಲೂ ಬರಲಿಲ್ಲ. ಏನೂ ಬರೆಯದೆ ಮಡಚಿ, ಚೀಲದ ತಳದಲ್ಲಿಟ್ಟೆ. ಏನೂ ಹೇಳದಿರುವುದು ಸುಳ್ಳಲ್ಲ ಎಂದು ನನಗೆ ನಾನೇ ವ್ಯಾಖ್ಯಾನ ಮಾಡಿಕೊಂಡೆ. ಶೀಲ ಉಳಿಯಿತು, ಗಂಟೂ ಉಳಿಯಿತು. ಇಂಥ ಜಾಣತನಕ್ಕೆ ಯಾವ ಬಾವುಟ ಕೊಡುತ್ತಾರೋ ಗೊತ್ತಿಲ್ಲ.

ಹದಿನೈದನೇ ತಾರೀಕು ಮೌಲ್ಯಮಾಪನದ ಅರಪಿನ್ ಮೇಡಂ ನನ್ನನ್ನು ಕರೆಸಿದರು. ಅವರೂ ಒಂದು ಕಾಲಕ್ಕೆ ಗಗನಸಖಿಯಾಗಿದ್ದವರೇ. ಮೇಜಿನ ಮೇಲೆ ಎರಡು ಕಾಗದ: ನನ್ನ ವರದಿ, ಮತ್ತು ಆ ಬ್ಯಾಂಕಾಕಿನ ಹೆಂಗಸಿನ ದೂರು.

"ಈ ಹುಡುಗಿ ಓಣೀಲಿ ನೆಲದ ಮೇಲೆ ಕೂತು, ಸಂತೆ ಮಾತಾಡ್ಕೊಂಡು, ಕೈಯಲ್ಲಿ ಅನ್ನ ತಿನ್ನಿಸಿದ್ಲಂತೆ?"

"ಪ್ರಯಾಣಿಕನಿಗೆ ಹುಷಾರಿರಲಿಲ್ಲ ಮೇಡಂ."

"ಅದನ್ನ ನಿಚಾ ನಿಭಾಯಿಸಿದ್ಲಲ್ಲ? ನೀವೇ ಬರೆದಿದೀರಿ." ಕನ್ನಡಕ ತೆಗೆದರು. "ವಿಲೈವನ್, ನಮ್ಮ ಕೆಲಸಕ್ಕೊಂದು ಮರ್ಯಾದೆ ಬರಲಿ ಅಂತ ಇಪ್ಪತ್ತು ವರ್ಷದಿಂದ ಒದ್ದಾಡ್ತಿದೀನಿ. ಬೆಂಕಿ ಬಿದ್ರೆ ತೊಂಬತ್ತು ಸೆಕೆಂಡಲ್ಲಿ ವಿಮಾನ ಖಾಲಿ ಮಾಡಿಸೋರು ನಾವು. ಜನ ಇನ್ನೂ ಆಕಾಶದ ಮಾಣಿಗಳು ಅಂತಾರೆ. ಯಾಕಂತಾರೆ? ಇಂಥೋರಿಂದ. ಬಾವುಟ ಇಲ್ಲ, ಪತ್ರ ಇಲ್ಲ, ಇನ್ನೊಂದು ಭಾಷೆ ಬರಲ್ಲ. ಒಳ್ಳೆ ಹುಡುಗಿನೇ ಇರಬಹುದು. ನಿಮ್ದೇನಾದ್ರೂ ಹೇಳೋದಿದೆಯಾ?"

ಕಿಟಕಿಯಾಚೆ ಒಂದು ವಿಮಾನ ಹಿಂದಕ್ಕೆ ಸರಿಯುತ್ತಿತ್ತು. ಅದು ತಿರುಗಿ ನಿಲ್ಲುವವರೆಗೆ ಅವರು ಕಾದರು. ಅಷ್ಟು ಹೊತ್ತು ಯಾರೂ ನನಗಾಗಿ ಕಾದದ್ದಿಲ್ಲ.

"ಇಲ್ಲ ಮೇಡಂ" ಅಂದೆ.

ಮಾರ್ಚ್ ಮೂವತ್ತೊಂದಕ್ಕೆ ಹೊಗೆ ಚದುರಿತ್ತು. ಹಿಂದಿನ ದಿನ ಅಕಾಲದಲ್ಲಿ ನಾಲ್ಕು ಹನಿ ಬಿದ್ದಿತ್ತು. ಕೆಲಸ ಬಿಡುವವರು ಸಮವಸ್ತ್ರವನ್ನು ಉಗ್ರಾಣಕ್ಕೆ ಒಪ್ಪಿಸಬೇಕು, ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಸಹಿ ಹಾಕಬೇಕು. ಪಾಳಿಯ ಪಟ್ಟಿಯಲ್ಲಿ ಅಂದು ನನ್ನ ಹೆಸರಿತ್ತು.

ಪಿಕುನ್ ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ತಂದಿದ್ದಳು. ಗುಮಾಸ್ತ ಒಂದೊಂದಾಗಿ ಎತ್ತಿಟ್ಟ.

"ಕೋಟು ಎರಡು. ಲಂಗ ಮೂರು. ಕೊರಳವಸ್ತ್ರ ಎರಡು. ರೆಕ್ಕೆ ಪದಕ ಒಂದು. ಹೆಸರಿನ ತಗಡು." ತಗಡನ್ನು ಬೆಳಕಿಗೆ ಹಿಡಿದು ನೋಡಿದ. "ಬಾವುಟ?"

"ಇರಲಿಲ್ಲ."

"ಹಾಗಾದ್ರೆ ಸರಿ. ಮುಂದೇನು ತಂಗಿ? ಬೇರೆ ವಿಮಾನ ಕಂಪನಿನಾ?"

"ಕೂಲಿ ಜನರನ್ನ ಕಳಿಸೋ ಏಜೆಂಟ್ ಆಫೀಸಲ್ಲಿ ಕರೆದಿದಾರೆ ಅಣ್ಣ. ನಮ್ಮ ಕಡೆ ಮಾತು ಬರೋರು ಬೇಕಂತೆ. ಇಲ್ಲಿಗಿಂತ ಎರಡು ಸಾವಿರ ಜಾಸ್ತಿ."

"ಅದೃಷ್ಟ ಬಿಡು."

"ಹೂಂ" ಅಂದಳು.

ಕಾಯಿಲೆಯಿದ್ದರೆ ಬಾಯಿ ಬಿಡಬೇಡ ಎಂದು ಜನರಿಗೆ ಅವರದೇ ಮಾತಿನಲ್ಲಿ ಹೇಳಿಕೊಡುವ ಕೆಲಸ. ನಾನು ಕಾಗದಕ್ಕೆ ಸಹಿ ಹಾಕಿದೆ. ನನ್ನ ಚೀಲದ ತಳದಲ್ಲಿ ಮಡಚಿದ ಪತ್ರ ಹಾಗೆಯೇ ಇತ್ತು. ಲೇಖನಿ ಕೈಯಲ್ಲೇ ಇತ್ತು. ಮುಚ್ಚಳ ಹಾಕಿದೆ.

ಅವಳು ಬಾಗಿಲ ಹತ್ತಿರ ಹೋದವಳು ಏನೋ ನೆನಪಾದಂತೆ ತಿರುಗಿ ಬಂದಳು. ತನ್ನ ಬಟ್ಟೆಯ ಜೋಳಿಗೆಯಿಂದ ಒಂದು ತೆಳ್ಳನೆ ಪೊಟ್ಟಣ ತೆಗೆದಳು. ಬಿಚ್ಚದ ಹೊಸ ಕಾಲುಚೀಲದ ಜೊತೆ. ನನ್ನದೇ ಬಣ್ಣ, ನನ್ನದೇ ಅಳತೆ.

"ಅವತ್ತಿಂದ ಬಾಕಿ ಉಳದಿತ್ತಲ್ರಿ ಅಕ್ಕಾರ" ಅಂದಳು, ನಮ್ಮ ಮಾತಿನಲ್ಲಿ, ಗುಮಾಸ್ತನಿಗೆ ಕೇಳಿಸದಷ್ಟು ಮೆಲ್ಲಗೆ.

ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ತಲೆಯನ್ನು ನನಗಿಂತ ತಗ್ಗಿಸಿ, ಅದನ್ನು ನನ್ನ ಅಂಗೈಯಲ್ಲಿಟ್ಟಳು.